ನಾನು ನಿನ್ನ ಅಕ್ಕನ ಮಗಳಲ್ಲ

ಬಳ್ಳಾರಿ,
೮ ಜೂನ್ ೨೦೨೫, ಭಾನುವಾರ

ಪ್ರೀತಿಯ ಅವ್ವಾ,

ಮೊದಲು ನಿನ್ನ ಸೊಂಟದ ನೋವು ಹೇಗಿದೆ ಹೇಳು. ಹೋದ ತಿಂಗಳು ನಾನು ಅಲ್ಲಿದ್ದಾಗ ನೀನು ಎರಡೂ ಕೈ ಗೋಡೆಗೆ ಊರಿಕೊಂಡು ಏಳುತ್ತಿದ್ದೆ. ಮಾತ್ರೆಯನ್ನು ಉಂಡ ಮೇಲೆ ತೆಗೆದುಕೋ. ಬರೀ ಹೊಟ್ಟೆಗೆ ನುಂಗುತ್ತೀ, ಉರಿ ಬರುತ್ತದೆ, ಆಮೇಲೆ ಔಷಧವೇ ಸರಿಯಿಲ್ಲ ಅಂತ ಬಿಟ್ಟುಬಿಡುತ್ತೀ. ನಿನ್ನ ಅತ್ತೆ ಮುದುಕಮ್ಮನನ್ನು ಎಬ್ಬಿಸುವಾಗ ನಿಂತುಕೊಂಡು ಬಗ್ಗಬೇಡ. ಮಂಚದ ಪಕ್ಕ ಮಂಡಿಯೂರಿ, ಅವರ ತಲೆಯನ್ನು ನಿನ್ನ ಭುಜಕ್ಕೆ ಒರಗಿಸಿಕೊಂಡು ಎತ್ತು. ಏಳು ದಿನ ನಾನು ಹಾಗೇ ಮಾಡಿದ್ದು, ನನಗೂ ನೋಯಲಿಲ್ಲ, ಅವರಿಗೂ ನೋಯಲಿಲ್ಲ. ಅವರ ಬೆನ್ನಿನ ಹುಣ್ಣು ಒಣಗಿತೇ? ತಮ್ಮ ಪ್ರದೀಪನ ಶಾಲೆ ಶುರುವಾಯಿತಲ್ಲ. ಎರಡನೇ ತರಗತಿಗೆ ಹೊಸ ಚೀಲವೇ ಬೇಕೆಂದು ಹಟ ಹಿಡಿದಿದ್ದ, ಕೊಡಿಸಿದಿರೋ ಇಲ್ಲವೋ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಬಿಸಿಲು ಮಾತ್ರ ಇನ್ನೂ ಇಳಿದಿಲ್ಲ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕಾಯಿಸಿದಂಥ ನೀರು ಬರುತ್ತದೆ.

ಫೋನ್ ಮಾಡದೆ ಕಾಗದ ಬರೆದಳಲ್ಲ ಅಂತ ನಿನಗೆ ಅನ್ನಿಸಬಹುದು. ನಿಮ್ಮ ಮನೆಯ ಫೋನು ಹಗಲೆಲ್ಲ ನಿನ್ನ ಗಂಡ ಗಾದೆಪ್ಪನವರ ಜೊತೆ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿರುತ್ತದೆ, ಸಂಜೆ ಮನೆಗೆ ಬಂದರೂ ಅವರ ಅಂಗಿಯ ಜೇಬು ಬಿಟ್ಟು ಹೊರಬರುವುದಿಲ್ಲ. ನಾನು ಹೇಳಬೇಕಾದದ್ದು ನಿನಗೆ. ನೀನು ಏಳನೇ ತರಗತಿಯವರೆಗೆ ಓದಿದವಳು, ನಿಧಾನವಾಗಿ ನೀನೇ ಓದು, ಇನ್ನೊಬ್ಬರ ಕೈಗೆ ಕೊಟ್ಟು ಓದಿಸಬೇಡ. ಹೋದ ತಿಂಗಳ ಇಪ್ಪತ್ತೊಂಬತ್ತಕ್ಕೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಾವೆಲ್ಲ ಕೂತಿದ್ದಾಗ ನನ್ನ ಬಾಯಿಂದ ಒಂದೇ ಮಾತು ಬಂತು. "ನಾ ಕುರುಗೋಡಿಗೆ ಹೋಗಂಗಿಲ್ಲ" ಎಂದೆ. ಯಾಕೆ ಅಂತ ಸಮಿತಿಯ ಮೇಡಂ ಎರಡು ಸಲ ಕೇಳಿದರೂ ಅದನ್ನೇ ತಿರುಗಿ ಹೇಳಿದೆ. ಗಾದೆಪ್ಪನವರು "ಹುಡುಗಿ ತಲಿ ಕೆಡಿಸ್ಯಾರ" ಅಂದರು. ನೀನು ನೆಲ ನೋಡುತ್ತ ಕೂತೆ. ತಲೆ ನನ್ನದು, ಯಾರೂ ಕೆಡಿಸಿಲ್ಲ. ಅವತ್ತು ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಹಳೆಯದರಿಂದಲೇ ಶುರು ಮಾಡುತ್ತೇನೆ, ಆದರೆ ಅದಕ್ಕಾಗಿ ನಿನ್ನನ್ನು ಬೈಯುವುದಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲಗಳ ಅಟ್ಟಿ ಕುಸಿದು ಅಪ್ಪ ಹೋದಾಗ ನನಗೆ ಏಳು ವರ್ಷ, ನಿನಗೆ ಇಪ್ಪತ್ತೈದು. ಆ ವಯಸ್ಸಿನವಳು ಇನ್ನೊಂದು ಮದುವೆ ಆಗಬಾರದಿತ್ತು ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳಿದವರ ಜೊತೆ ಜಗಳವಾಡಿದ್ದೇನೆ. ನೀನು ನನ್ನನ್ನು ಹಚ್ಚೊಳ್ಳಿಗೆ ಕರೆದುಕೊಂಡು ಹೋಗಿ ಮೂಕಮ್ಮಜ್ಜಿಯ ಹತ್ತಿರ ಬಿಟ್ಟೆ. ಎರಡು ಜಡೆ ಹಾಕಿ, "ಮುಂದಿನ ವಾರ ಬರ್ತೀನಿ" ಅಂದೆ. ಆ ಜಡೆ ಬಿಚ್ಚಲು ನಾನು ಅಜ್ಜಿಗೆ ಹನ್ನೊಂದು ದಿನ ಬಿಡಲಿಲ್ಲವಂತೆ. ಹೇನು ಬಿದ್ದ ಮೇಲೆ ಅಜ್ಜಿ ಹಿಡಿದು ಕೂರಿಸಿ ಬಿಚ್ಚಿದಳು. ಎರಡು ವರ್ಷಕ್ಕೆ ಅಜ್ಜಿಯೂ ತೀರಿಕೊಂಡಳು. ಮಣ್ಣಿಗೆ ನೀನು ಬಂದಿದ್ದೆ. ಪಕ್ಕದ ಮನೆಯ ಗಂಗಕ್ಕ, ಆಗ ಅಂಗನವಾಡಿಯಲ್ಲಿದ್ದಳಲ್ಲ, ಅವಳು ಹುಡುಗಿಯನ್ನು ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಮಾತಾಡಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದೆ. ಗಂಗಕ್ಕ ಮೂರು ವಾರ ನನ್ನನ್ನು ತನ್ನ ಮಕ್ಕಳ ಜೊತೆ ಉಣ್ಣಿಸಿದಳು. ಆಮೇಲೆ ಸರ್ಕಾರದ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಬಳ್ಳಾರಿಯ ಮಕ್ಕಳ ಮನೆಯಲ್ಲಿ ನಾನು ಒಂದು ವರ್ಷ ಇದ್ದೆ. ನೀನು ಅಷ್ಟರಲ್ಲಿ ಕುರುಗೋಡಿನಲ್ಲಿದ್ದೆ. ಒಂದು ಗಂಟೆಯ ಬಸ್ಸಿನ ದಾರಿ, ಅವ್ವ. ನನಗೆ ಅದು ಗೊತ್ತಾದದ್ದು ಈ ವರ್ಷ ಜನವರಿಯಲ್ಲಿ, ನೀವಿಬ್ಬರೂ ನಮ್ಮ ಬಾಗಿಲಿಗೆ ಬಂದ ದಿನ.

ನಮ್ಮ ಬಾಗಿಲು ಅಂತ ಬರೆದೆ, ಅದು ನಿನಗೆ ಚುಚ್ಚಿರಬೇಕು. ಇರಲಿ, ಅದನ್ನು ಹೊಡೆದುಹಾಕುವುದಿಲ್ಲ. ಆ ಮನೆಯವರ ಹೆಸರು ವಿಜಯಾಬಾಯಿ ಮತ್ತು ಪ್ರಹ್ಲಾದರಾವ್. ನಾನು ನಿನ್ನ ಜೊತೆ ಇದ್ದ ಎಂಟು ದಿನದಲ್ಲಿ ನೀನು ಒಂದು ಸಲವೂ ಆ ಹೆಸರು ಹೇಳಲಿಲ್ಲ, "ಆ ಬ್ರಾಂಬ್ರು" ಎಂದೇ ಹೇಳಿದೆ, ಅದಕ್ಕೆ ಬರೆಯುತ್ತಿದ್ದೇನೆ. ವಿಜಯಾಬಾಯಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಶನಿವಾರ ಮಕ್ಕಳ ಮನೆಗೆ ಬಂದು ನಮಗೂ ಕಲಿಸುತ್ತಿದ್ದರು. ಅಲ್ಲಿ ಕರೆದ ಹಾಗೆ ಇವತ್ತಿಗೂ ಟೀಚರ್ ಅಂತಲೇ ಕರೆಯುತ್ತೇನೆ. ಪ್ರಹ್ಲಾದ ಕಾಕಾ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಕ್ಕಳಿರಲಿಲ್ಲ. ಒಂದು ಶನಿವಾರ ಟೀಚರ್ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು, "ನಾ ನಿಮ್ಮವ್ವ ಆಗಾಕ ಆಗಂಗಿಲ್ಲ. ನಮ್ಮ ಮನ್ಯಾಗ ಜಾಗಾ ಐತಿ, ಬರ್ತಿ ಏನು?" ಅಂದರು. ಹತ್ತು ವರ್ಷದ ನನಗೆ ಅದು ನಂಬುವಂಥ ಮಾತು ಅನ್ನಿಸಿತು. ಅಲ್ಲಿಯತನಕ ನನ್ನ ಹತ್ತಿರ ಬಂದವರೆಲ್ಲ ದೊಡ್ಡ ದೊಡ್ಡ ಮಾತೇ ಹೇಳುತ್ತಿದ್ದರು.

ಅಲ್ಲಿ ಎಲ್ಲ ಬೆಣ್ಣೆಯ ಹಾಗಿತ್ತು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಮೊದಲ ದಿನವೇ ಅಡುಗೆಮನೆಯ ಒಂದು ಮೂಲೆ ತೋರಿಸಿ, ಅಲ್ಲಿನ ಕೊಡ ಮುಟ್ಟಬೇಡ, ಅದು ಪೂಜೆಯ ನೀರು ಅಂದರು. ಕಾಕಾರ ತಂಗಿ ಬಂದಾಗ ನಾನು ಕೊಟ್ಟ ನೀರು ಕುಡಿಯಲಿಲ್ಲ. ಲೋಟ ಹಾಗೇ ಇತ್ತು. ನಾನು ಅದನ್ನು ಅಂಗಳಕ್ಕೆ ಎಸೆದೆ. ಊಟಕ್ಕೆ ದಿನಾ ಸಾರು, ಪಲ್ಯ, ಮೊಸರು. ಮೊಟ್ಟೆ ಇಲ್ಲ, ಅಜ್ಜಿ ಮಾಡುತ್ತಿದ್ದ ಒಣಮೀನಿನ ಸಾರಿನ ಮಾತೇ ಇಲ್ಲ. ಒಂದು ದಿನ ತಟ್ಟೆ ದೂಡಿ, ನಾನೇನು ದನವೇ ಸೊಪ್ಪು ತಿನ್ನಲು ಅಂತ ಅತ್ತೆ. ಆ ಭಾನುವಾರ ಟೀಚರ್ ನನ್ನನ್ನು ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೆಸ್ಸಿಗೆ ಕರೆದುಕೊಂಡು ಹೋದರು. "ಈ ಹುಡುಗಿಗೆ ಏನು ಬೇಕೋ ಕೊಡ್ರಿ" ಅಂತ ಹೇಳಿ, ತಾವು ಹೊರಗೆ ಬೆಂಚಿನ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತರು. ನಾನು ಒಳಗೆ ಎರಡು ಮೊಟ್ಟೆ, ಒಂದು ತಟ್ಟೆ ಮಟನ್ ತಿಂದೆ. ಆಮೇಲೆ ತಿಂಗಳಿಗೊಂದು ಭಾನುವಾರ ಅದೇ ನಡೆಯಿತು, ಹೈಸ್ಕೂಲು ಮುಗಿಯುವವರೆಗೆ. ಹಾದಿಯಲ್ಲಿ ಹೋಗುವ ಅವರ ಮಠದ ಪರಿಚಯದವರು ನೋಡುತ್ತಿದ್ದರು, ಕೇಳುತ್ತಿದ್ದರು. "ನಮ್ಮ ಹುಡುಗಿ ಉಣ್ಣಾಕತ್ತಾಳ" ಅನ್ನುತ್ತಿದ್ದರು ಟೀಚರ್, ಅಷ್ಟೇ. ಆ ಪೂಜೆಯ ಕೊಡ ಮಾತ್ರ ಅವರು ಇನ್ನೂ ಬಿಟ್ಟುಕೊಟ್ಟಿಲ್ಲ, ನಾನು ಅದರ ಬಗ್ಗೆ ವಾದ ಮಾಡುವುದನ್ನೂ ಬಿಟ್ಟಿಲ್ಲ. ವಾರಕ್ಕೊಮ್ಮೆಯಾದರೂ ಜಗಳ ಇದ್ದೇ ಇದೆ.

ಹನ್ನೊಂದನೇ ವರ್ಷಕ್ಕೆ ಒಂದು ಸಲ ಓಡಿಹೋಗಿದ್ದೆ. ಇದನ್ನು ನಿನಗೆ ಯಾರೂ ಹೇಳಿರುವುದಿಲ್ಲ. ಶಾಲೆಗೆ ಅಂತ ಹೊರಟವಳು ಸಿರುಗುಪ್ಪದ ಬಸ್ ಹತ್ತಿದೆ. ಹಚ್ಚೊಳ್ಳಿಗೆ ಹೋದರೆ ನೀನು ನನ್ನನ್ನು ಕರೆದೊಯ್ಯಲು ಬಂದಿರುತ್ತೀ, ಬಳ್ಳಾರಿಯಲ್ಲಿದ್ದರೆ ನಿನಗೆ ನಾನು ಸಿಗುವುದಿಲ್ಲ ಅಂತ ತಲೆಗೆ ಹೊಕ್ಕಿತ್ತು. ಸಿರುಗುಪ್ಪದಲ್ಲಿ ಇಳಿದ ಮೇಲೆ ಮುಂದಿನ ಬಸ್ ಯಾವುದು ತಿಳಿಯದೆ ಕಟ್ಟೆಯ ಮೇಲೆ ಕೂತಿದ್ದೆ. ಮಧ್ಯಾಹ್ನಕ್ಕೆ ಕಾಕಾ ಬಂದರು. ಕಂಡಕ್ಟರೊಬ್ಬರು ಯೂನಿಫಾರ್ಮ್ ನೋಡಿ ಶಾಲೆಗೆ ಫೋನ್ ಮಾಡಿದ್ದರಂತೆ. ಹೊಡೆಯುತ್ತಾರೆ ಅಂತ ತಲೆಗೆ ಕೈ ಅಡ್ಡ ಇಟ್ಟುಕೊಂಡೆ. ಕಾಕಾ ಪಕ್ಕದಲ್ಲಿ ಕೂತು, ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದರು. ತಿಂದಾದ ಮೇಲೆ ಬಳ್ಳಾರಿಯ ಬಸ್ ಹತ್ತಿಸದೆ ಹಚ್ಚೊಳ್ಳಿಗೇ ಕರೆದುಕೊಂಡು ಹೋದರು. ಅಜ್ಜಿಯ ಮನೆಗೆ ಬೀಗ ಹಾಕಿತ್ತು, ಕಟ್ಟೆಯ ಮೇಲೆ ಯಾರದೋ ಭತ್ತದ ಹುಲ್ಲು ಒಟ್ಟಿದ್ದರು. ಗಂಗಕ್ಕನ ಮನೆಯಲ್ಲಿ ಕೇಳಿದೆವು. ನೀನು ಬಂದಿರಲಿಲ್ಲ. ಕಾಲುವೆಯ ದಂಡೆಯ ಮೇಲೆ ನಾನು ಅತ್ತು ಮುಗಿಸುವವರೆಗೆ ಕಾಕಾ ಚಪ್ಪಲಿ ಬಿಚ್ಚಿ ಕೂತಿದ್ದರು. ಆಮೇಲೆ "ನೋಡಿದಂಗ ಆತು. ಇನ್ನ ನಮ್ಮ ಮನೀಗೆ ಹೋಗೂಣೇನು?" ಎಂದು ಕೇಳಿದರು. ಹೋಗೋಣ ಅಂತ ನಾನೇ ಹೇಳಿದೆ. ಅವತ್ತಿನಿಂದ ಆ ಮನೆ ನನಗೆ ಸಮಿತಿ ಕೊಟ್ಟದ್ದಲ್ಲ, ನಾನು ಆರಿಸಿಕೊಂಡದ್ದು.

ಈಗ ಜನವರಿಗೆ ಬರುತ್ತೇನೆ. ನೀನು ಬಾಗಿಲಲ್ಲಿ ನಿಂತಾಗ ನನಗೆ ಮೊದಲು ಗುರುತು ಹತ್ತಿದ್ದು ನಿನ್ನ ಮುಖವಲ್ಲ, ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುವ ರೀತಿ. ಅಷ್ಟರಲ್ಲಿ ಗಾದೆಪ್ಪನವರು ಟೀಚರ್ ಮುಂದೆ ಅಂದರು, "ಮಗಳನ್ನ ಬ್ರಾಂಬ್ರ ಮನ್ಯಾಗ ಕಸಾ ಹೊಡಿಯಾಕ ಇಟ್ಟಾರ ಅಂತ ಊರೆಲ್ಲಾ ಆಡಾಕತ್ತೈತಿ. ಹುಡುಗಿ ವಯಸ್ಸಿಗೆ ಬಂದಾಳ, ನಮ್ಮ ಮನೀಗೆ ಕಳಸ್ರಿ." ಟೀಚರ್ ಮುಖ ಕೆಂಪಾಯಿತು, ಆದರೂ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಹೌದು ಅವ್ವ, ಕಸ ಹೊಡೆಯುತ್ತೇನೆ. ಟೀಚರ್ ನೆಲ ಒರೆಸುತ್ತಾರೆ. ಕಾಕಾ ತಮ್ಮ ಪಂಚೆ ತಾವೇ ಒಗೆದು ಮಹಡಿಯ ಮೇಲೆ ಒಣಹಾಕುತ್ತಾರೆ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದುತ್ತೇನೆ ಎಂದಾಗ ಅವರ ನೆಂಟರೆಲ್ಲ ಹುಡುಗಿಯರಿಗೆ ಅದೇಕೆ ಅಂದರು. ಬಿಸಿಲಲ್ಲಿ ಸರ್ವೇ ಮಾಡಲು ಹೋಗುವ ನನಗೆ ಕಾಕಾ ತಮ್ಮ ಟೋಪಿ ಕೊಟ್ಟರು. ಕೆಲಸದವಳನ್ನು ಮನೆಯಲ್ಲಿ ಇಟ್ಟುಕೊಂಡವರು ಮಾಡುವುದು ಇದನ್ನೇ ಆದರೆ, ಆಗಲಿ, ನಾನು ಕೆಲಸದವಳೇ.

ನೀನು ಅರ್ಜಿ ಕೊಟ್ಟ ಮೇಲೆ ಸಮಿತಿಯವರು, ಕೆಲವು ದಿನ ತಾಯಿಯ ಜೊತೆ ಇದ್ದು ನೋಡು, ಬಲವಂತವಿಲ್ಲ ಅಂದರು. ನಾನು ಬೇಡ ಅಂದೆ. ಟೀಚರ್ ಅವತ್ತು ನನ್ನ ಮೇಲೆ ರೇಗಿದರು. "ಹೆತ್ತಾಕಿ ಕರಿಯಾಕತ್ತಾಳ. ಹೋಗಿ ನೋಡಿ ಬಾ. ನೋಡದ ಬ್ಯಾಡ ಅಂದ್ರ ಮುಂದ ನನಗ ಬೈತಿ" ಅಂದರು. ಹಾಗಾಗಿ ಮೇ ತಿಂಗಳಲ್ಲಿ ಬಂದೆ. ಬಂದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ, ಇದನ್ನು ನೀನು ಸರಿಯಾಗಿ ಓದಬೇಕು. ಮೊದಲ ದಿನ ನೀನು ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿದ್ದೆ. ನಾನು ಐದು ರೊಟ್ಟಿ ತಿಂದೆ. ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು ನನ್ನ ತಲೆಗೆ ಎಣ್ಣೆ ಹಚ್ಚಿದೆ, ನಿನ್ನ ಕೈ ಕಿವಿಯ ಹಿಂದೆ ಬಂದಾಗ ನಾನು ಕಣ್ಣು ಮುಚ್ಚಿದೆ. ಎರಡನೇ ದಿನದಿಂದ ಮುದುಕಮ್ಮನ ಕೆಲಸ ನನಗೆ ಬಂತು. ಅವರನ್ನು ಎತ್ತುವುದು, ಬಟ್ಟೆ ಬದಲಿಸುವುದು, ಹುಣ್ಣು ತೊಳೆಯುವುದು. ನನ್ನನ್ನು ಕರೆದದ್ದು ಇದಕ್ಕೇ ಅಂತ ಮೂರನೇ ದಿನಕ್ಕೆ ಅರ್ಥವಾಯಿತು. ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ. ನಿನ್ನ ಸೊಂಟ ನೋಡಿದ್ದೆನಲ್ಲ. ಆ ಮುದುಕಮ್ಮ ಬೈಯದೆ, ಗೊಣಗದೆ, ನಾನು ತೊಳೆಯುವಾಗ ನನ್ನ ಮೊಣಕೈ ಹಿಡಿದುಕೊಂಡಿರುತ್ತಿದ್ದರು. ಕೇಳಿದ್ದರೆ ರಜೆ ಮುಗಿಯುವವರೆಗೂ ಇದ್ದು ಮಾಡುತ್ತಿದ್ದೆ.

ಆದರೆ ಕುಡಿಯುವ ನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಂತಾಗ ನಿನ್ನ ಓಣಿಯ ಹೆಂಗಸು ಈ ಹುಡುಗಿ ಯಾರು ಎಂದು ಕೇಳಿದಳು. "ನಮ್ಮ ಅಕ್ಕನ ಮಗಳು. ಸೂಟೀಗೆ ಬಂದಾಳ" ಅಂದೆ ನೀನು. ನಾನು ಪಕ್ಕದಲ್ಲೇ ಕ್ಯಾನ್ ಹಿಡಿದು ನಿಂತಿದ್ದೆ. ಬಾಯಿ ತಪ್ಪಿ ಬಂದಿರಬೇಕು ಅಂದುಕೊಂಡೆ. ಮರುದಿನ ಹಿಟ್ಟಿನ ಗಿರಣಿಯಲ್ಲಿ ಅದನ್ನೇ ಹೇಳಿದೆ. ಬಳೆ ಮಾರುವವಳಿಗೂ ಅದನ್ನೇ. ಮುದುಕಮ್ಮನಿಗೂ ಹಾಗೇ ಹೇಳಿಟ್ಟಿದ್ದೆ. ಆರನೇ ದಿನ ಪ್ರದೀಪ ನನ್ನ ಪಕ್ಕ ಬಂದು ಕೂತು, "ನಿಮ್ಮವ್ವ ನಮಗ ದೊಡ್ಡವ್ವ ಅಲ್ಲೇನು? ದೊಡ್ಡವ್ವ ಎಲ್ಲಿ ಅದಾಳ?" ಎಂದು ಕೇಳಿದ. ನಿನಗೆ ಅಕ್ಕ ಇದ್ದರೆ ತಾನೇ ಅವ್ವ, ಅವಳು ಎಲ್ಲಾದರೂ ಇರುವುದು! ಏಳು ವರ್ಷದ ಹುಡುಗನಿಗೆ ನಾನು ಏನು ಹೇಳಲಿ? ಅವನ ಪೆನ್ಸಿಲ್ ಚೂಪು ಮಾಡಿ ಕೊಟ್ಟೆ. ನನಗೆ ಇನ್ನೊಂದು ಅರ್ಥವಾಗಲಿಲ್ಲ. ಊರೆಲ್ಲ ಆಡುತ್ತಿದೆ ಅಂತ ತಾನೇ ಗಾದೆಪ್ಪನವರು ಹೇಳಿದ್ದು? ನಾನು ನಿನ್ನ ಮಗಳು ಎಂಬುದೇ ಗೊತ್ತಿಲ್ಲದ ಊರು ನನ್ನ ಬಗ್ಗೆ ಏನು ಆಡಿತು? ಸಮಿತಿಯ ಮುಂದೆ ಅರ್ಜಿಯಲ್ಲಿ ನಾನು ಮಗಳು, ನಿಮ್ಮ ಓಣಿಯಲ್ಲಿ ನೆಂಟರ ಹುಡುಗಿ.

ಎಂಟನೇ ದಿನ ಬೆಳಿಗ್ಗೆ ಅದೇ ಸಾಲಿನಲ್ಲಿ, ನಿನ್ನ ಬಾಯಿಂದ ಮತ್ತೆ ಅದೇ ಮಾತು ಬಂದಾಗ ನಾನು ಕ್ಯಾನ್ ಕೆಳಗಿಟ್ಟೆ. "ಅಕ್ಕನ ಮಗಳಲ್ರಿ. ನಾ ನೀಲಾವತಿ ಮಗಳು. ನಮ್ಮಪ್ಪ ಮಾರೆಣ್ಣ, ಹಚ್ಚೊಳ್ಳಿಯಾಂವ" ಅಂದೆ. ಕೂಗಲಿಲ್ಲ, ಕೂಗಿದಳು ಎಂದು ನೀನು ಸಮಿತಿಯಲ್ಲಿ ಹೇಳಿದ್ದು ಸರಿಯಲ್ಲ. ಎಲ್ಲರಿಗೂ ಕೇಳಿಸುವಷ್ಟು ಹೇಳಿದೆ. ಸಾಲಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು, ನಲ್ಲಿಯ ಕೆಳಗಿನ ಕ್ಯಾನ್ ತುಂಬಿ ನೀರು ಹೊರಗೆ ಹರಿಯಿತು, ಯಾರೂ ತೆಗೆಯಲಿಲ್ಲ. ನೀನು ಖಾಲಿ ಕೊಡ ಎತ್ತಿಕೊಂಡು ಹೊರಟುಬಿಟ್ಟೆ. ಮನೆಗೆ ಬಂದ ಮೇಲೆ "ನನ್ನ ಮನಿ ಮುರಿಯಾಕ ಬಂದಿ ಏನು?" ಎಂದು ಕೇಳಿದೆ. ನಾನು ಉತ್ತರ ಕೊಡದೆ ಬಟ್ಟೆ ಚೀಲಕ್ಕೆ ತುಂಬಿದೆ, ಮುದುಕಮ್ಮನಿಗೆ ಇನ್ನೊಮ್ಮೆ ಬಟ್ಟೆ ಬದಲಿಸಿ, ಹನ್ನೊಂದರ ಬಸ್ಸಿಗೆ ಬಂದೆ. ಉತ್ತರ ಈಗ ಕೊಡುತ್ತೇನೆ. ನಾನು ನಿನ್ನ ಮನೆ ಮುರಿಯಲು ಬರಲಿಲ್ಲ. ನನ್ನ ಹೆಸರು ಹೇಳಿದರೆ ಮುರಿದು ಬೀಳುವಂಥ ಮನೆಯಾಗಿದ್ದರೆ, ಅದು ನನ್ನ ತಪ್ಪಲ್ಲ. ಹನ್ನೊಂದು ವರ್ಷ ನೀನು ನನ್ನನ್ನು ಕರೆದೊಯ್ಯಲು ಬರಲಿಲ್ಲ, ಅದನ್ನು ನಾನು ಹೇಗೋ ನುಂಗಿಕೊಂಡೆ. ಬಂದು ಕರೆದುಕೊಂಡು ಹೋಗಿ, ನಾನು ಎದುರಿಗೆ ನಿಂತಿರುವಾಗಲೇ ಇಲ್ಲ ಅಂದೆಯಲ್ಲ, ಅದು ನುಂಗಲು ಆಗುವುದಿಲ್ಲ. ಕಾಲೇಜಿನಲ್ಲಿ ಕೆಲವರು ನನ್ನ ವಿಷಯ ತಿಳಿದ ಕೂಡಲೇ "ಪಾಪ" ಅನ್ನುತ್ತಾರೆ. ಅವರಿಗೂ ನಾನು ಹೇಳುವುದು ಒಂದೇ: ಯಾರ ಮಗಳು ಅಂತ ನಾನು ಮುಚ್ಚಿಡುವುದಿಲ್ಲ, ಯಾರು ಬೆಳೆಸಿದರು ಅಂತಲೂ ಮುಚ್ಚಿಡುವುದಿಲ್ಲ. ಎರಡೂ ಬಾಯಿತುಂಬ ಹೇಳುತ್ತೇನೆ. ಒಂದನ್ನು ಹೇಳಲು ಇನ್ನೊಂದನ್ನು ಬಿಡು ಅಂತ ಟೀಚರ್ ನನಗೆ ಒಂದು ದಿನವೂ ಹೇಳಲಿಲ್ಲ.

ಇದೇ ಒಂದನೇ ತಾರೀಖಿಗೆ, ಶಾಲೆಯ ದಾಖಲೆಯ ಪ್ರಕಾರ, ನನಗೆ ಹದಿನೆಂಟು ತುಂಬಿತು. ಸಮಿತಿ ನನ್ನನ್ನು ಟೀಚರ್ ಮನೆಗೆ ಒಪ್ಪಿಸಿದ್ದ ಪೋಷಕ ಕುಟುಂಬದ ಆದೇಶ ಅವತ್ತಿಗೆ ಮುಗಿಯಿತು. ಇನ್ನು ನನ್ನನ್ನು ಇಟ್ಟುಕೊಳ್ಳಬೇಕೆಂದು ಅವರಿಗೆ ಯಾವ ಕಾಗದವೂ ಹೇಳುವುದಿಲ್ಲ, ಇರಬೇಕೆಂದು ನನಗೂ ಹೇಳುವುದಿಲ್ಲ. ಬೆಳಿಗ್ಗೆ ಕಾಕಾ ಕಡತ ಕಟ್ಟಿ ಕಪಾಟಿನಲ್ಲಿಟ್ಟರು. ಟೀಚರ್ ನನ್ನ ಮುಖ ನೋಡದೆ, "ಇರ್ತಿಯೋ, ಹೋಗ್ತಿಯೋ, ನಿನಗ ಬಿಟ್ಟದ್ದು" ಅಂದರು. ಇರ್ತೀನಿ ಅಂದೆ. "ಹಂಗಾದ್ರ ನಾಳಿ ಗ್ಯಾಸ್ ಬುಕ್ ಮಾಡು, ಮರೀಬ್ಯಾಡ" ಎಂದು ಹೇಳಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಕಾಕಾ ಪೇಪರ್ ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಅಲ್ಲಿಗೆ ಮುಗಿಯಿತು, ಅವ್ವ. ಇನ್ನು ಯಾವ ಸಮಿತಿಗೂ ನೀನು ಅರ್ಜಿ ಹಾಕುವ ಹಾಗಿಲ್ಲ. ಕೇಳಬೇಕಾದದ್ದನ್ನು ನನ್ನನ್ನೇ ಕೇಳು. ಮುದುಕಮ್ಮನಿಗೆ ತೀರ ಕಷ್ಟವಾದರೆ ತಿಳಿಸು, ಬಂದು ಎರಡು ದಿನ ಇದ್ದು ಹೋಗುತ್ತೇನೆ. ಬಂದರೆ ಮಗಳಾಗಿ ಬರುತ್ತೇನೆ.

ಮುದುಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಗಾದೆಪ್ಪನವರಿಗೂ ತಿಳಿಸು, ಹಿರಿಯರು. ಪ್ರದೀಪನ ಕೆನ್ನೆಗೆ ಒಂದು ಮುತ್ತು. ಟೀಚರ್ ನಿನ್ನ ಸೊಂಟಕ್ಕೆ ಒಂದು ಎಣ್ಣೆ ಕೊಟ್ಟಿದ್ದಾರೆ, ಬಂದಾಗ ತರುತ್ತೇನೆ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ, ವಿಜಯಾಬಾಯಿ ಪ್ರಹ್ಲಾದರಾವ್ ಅವರ ಮನೆಯಲ್ಲಿ ಬೆಳೆದ,
ಮೀನಾ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇದನ್ನು ಬರೆಯಲೇಬೇಕು. ಮೊನ್ನೆ ಶುಕ್ರವಾರ ಪ್ರದೀಪ ಯಾರದೋ ಫೋನಿನಿಂದ ನನಗೆ ಕರೆ ಮಾಡಿದ್ದ. ನಂಬರನ್ನು ನಾನೇ ಅವನ ಪುಸ್ತಕದ ಹಿಂದೆ ಬರೆದುಕೊಟ್ಟಿದ್ದೆ. "ನೀ ನಮ್ಮ ಅಕ್ಕ ಅಂತ ಸಾಲ್ಯಾಗ ಹುಡುಗ್ರು ಅಂತಾರ, ಹೌದೇನು?" ಎಂದು ಕೇಳಿದ. ಅವ್ವನನ್ನು ಕೇಳು ಅಂದೆ. "ಕೇಳಿದ್ರ ಹೊಡೀತಾಳ" ಅಂದ. ನಾನು ಫೋನ್ ಇಟ್ಟುಬಿಟ್ಟೆ, ಆಮೇಲೆ ಬಹಳ ಸಂಕಟವಾಯಿತು. ಬರುವ ಭಾನುವಾರ, ಹದಿನೈದಕ್ಕೆ, ಬೆಳಿಗ್ಗೆ ಹತ್ತಕ್ಕೆ ಕುರುಗೋಡು ತಲುಪುವ ಬಸ್ಸಿಗೆ ಬರುತ್ತೇನೆ. ಅವನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಬಾ. ಬರುವಾಗ ದಾರಿಯಲ್ಲಿ ನಾನು ಯಾರು ಅಂತ ನೀನೇ ಅವನಿಗೆ ಹೇಳು, ನಿನ್ನ ಬಾಯಿಂದ ಕೇಳಿದರೆ ಅವನಿಗೆ ಒಳ್ಳೆಯದು. ಹನ್ನೊಂದರವರೆಗೆ ಕಾಯುತ್ತೇನೆ. ಬರಲಿಲ್ಲವೆಂದರೆ ನಿಮ್ಮ ಮನೆಗೇ ನಡೆದುಕೊಂಡು ಬಂದು ನಾನೇ ಹೇಳುತ್ತೇನೆ.